ಎಂಆರ್‌ಐ ಇತ್ತಲ್ಲ ಅಂದ್ರೆ ಸಾಲ್ದು ಮಾರ್ರೆ (ಭಾಗ 3)

"ಮಣಿಪಾಲ ಹತ್ರವೇ ಇತ್ತಲ್ಲ, ಎಂಆರ್‌ಐ ಇತ್ತಲ್ಲ, ಎಂತ ಹೆದ್ರಿಕೆ?" ಗರ್ಭಕಂಠದ ಕ್ಯಾನ್ಸರ್ ಬಗ್ಗೆ ಭಾಗ 2 ಹಾಕಿದ್ಮೇಲೆ ಬಂದ ಕಮೆಂಟ್ ಇದು. ಈ ಧೈರ್ಯವೇ ಡೇಂಜರ್.

ಡಿಫ್ಯೂಷನ್ ಎಂಆರ್‌ಐ ಅಳೆಯೋದು ಅಂಗಾಂಶದೊಳಗೆ ನೀರಿನ ಓಡಾಟ. ಗಡ್ಡೆಯಲ್ಲಿ ಜೀವಕೋಶಗಳು ಒತ್ತೊತ್ತಾಗಿರ್ತವೆ, ಕೊಡಿಹಬ್ಬದ ದಿನ ತೇರಿನ ಹತ್ರ ನಾವು ಸಿಕ್ಕಿಬಿದ್ದ ಹಾಗೆ ನೀರು ಅಲ್ಲಾಡೋಕಾಗಲ್ಲ. ಎಡಿಸಿ ಅನ್ನೋ ಅಂಕಿ ಇಳಿಯುತ್ತೆ. ರೇಡಿಯೇಷನ್, ಕೀಮೋ ಕೆಲ್ಸ ಮಾಡಿದ್ರೆ ಸಾಮಾನ್ಯವಾಗಿ ಏರುತ್ತೆ. ಡಾಕ್ಟ್ರಿಗೆ ದೊಡ್ಡ ಸಹಾಯ, ಒಪ್ದೆ. ಆದ್ರೆ ಇದು ಗಡ್ಡೆ ಬಂದ್ಮೇಲಿನ ಲೆಕ್ಕ. ನಮ್ಮ ಬಿಕಾಂ ಭಾಷೆಲಿ, ನಷ್ಟ ಆದ್ಮೇಲಿನ ಆಡಿಟ್!

ಕ್ಯಾನ್ಸರ್ ಆಗೋ ಮುಂಚಿನ ಬದಲಾವಣೆ ಹುಡುಕೋಕೆ ಎಂಆರ್‌ಐ ಬಳಸೋದಿಲ್ಲ. ಅದಕ್ಕೆ ಇರೋದು ವಿಐಎಯಂಥ ಪರೀಕ್ಷೆ. ಅಸಿಟಿಕ್ ಆಸಿಡ್ (ವಿನೆಗರ್‌ನಲ್ಲಿರೋದೇ) ಹಚ್ಚಿ ಒಂದು ನಿಮಿಷ ಕಾಯೋದು, ಬಿಳಿ ಕಲೆ ಬಂದ್ರೆ ಮುಂದಿನ ತಪಾಸಣೆ. ಸರ್ಕಾರಿ ಕಾರ್ಯಕ್ರಮದಲ್ಲೇ 30ರಿಂದ 65 ವಯಸ್ಸಿನ ಹೆಂಗಸರಿಗೆ 5 ವರ್ಷಕ್ಕೊಮ್ಮೆ ಅಂತ ಇದೆ. ಮೀನು ಮಾರೋ, ಗೇರುಬೀಜ ಫ್ಯಾಕ್ಟ್ರಿಗೆ ಹೋಗೋ ನಮ್ಮೂರ ಅಮ್ಮಂದಿರಲ್ಲಿ ಎಷ್ಟು ಜನರಿಗೆ ಇದು ಗೊತ್ತು? "ಅವ್ರಿಗೆ ನಾಚ್ಕೆ" ಅಂತ ಅವರ ತಲೆಗೇ ಕಟ್ಬೇಡಿ. ಮೊದ್ಲು ಯಾರಾದ್ರೂ ಮನೆಗೆ ಬಂದು ಸರಿಯಾಗಿ ಹೇಳಿ, ಕರೀಲಿ. ಒಂದು ದಿನದ ಕೂಲಿ ಬಿಟ್ಟು ಬರ್ಬೇಕಲ್ಲ ಅವ್ರು, ಅದಕ್ಕೆ ತಕ್ಕ ಹಾಗೆ ಕ್ಯಾಂಪ್ ಭಾನುವಾರ ಇಡ್ಲಿ.

ಭಾಗ 4ರಲ್ಲಿ ಎಚ್‌ಪಿವಿ ಲಸಿಕೆ. ಅಲ್ಲಿವರೆಗೆ ಕಮೆಂಟಲ್ಲಿ ಜಗಳಕ್ಕೆ ಬನ್ನಿ.