ಗೊತ್ತುವಳಿ ಬರೆಯುವ ಕೈ

ಕೋಟೆಯ ಪಕ್ಕದ ವಿಕ್ಟೋರಿಯಾ, ವಾಣಿವಿಲಾಸ ಆಸ್ಪತ್ರೆಗಳು, ಅಲ್ಲಿಂದ ನಡೆದೇ ಹೋಗಬಹುದಾದ ಚಾಮರಾಜಪೇಟೆಯ ಮಿಂಟೋ ಕಣ್ಣಾಸ್ಪತ್ರೆ. ರಾತ್ರಿ ಹತ್ತರ ಮೇಲೆ ಈ ಮೂರನ್ನೂ ಬಹುಮಟ್ಟಿಗೆ ನಡೆಸುವವರು ಬೆಂಗಳೂರು ಮೆಡಿಕಲ್ ಕಾಲೇಜಿನ ಹೌಸ್ ಸರ್ಜನ್‌ಗಳು ಮತ್ತು ಸ್ನಾತಕೋತ್ತರ ಓದುತ್ತಿರುವ ಪಿಜಿಗಳು. ರೋಗಿಯ ಪಾಲಿಗೆ ಅವರು ಡಾಕ್ಟರು, ಕಾಲೇಜಿನ ಕಡತದಲ್ಲಿ ವಿದ್ಯಾರ್ಥಿಗಳು, ಸರ್ಕಾರದ ಲೆಕ್ಕದಲ್ಲಿ ಸಂಬಳವಿಲ್ಲದ ಶಿಷ್ಯವೇತನದವರು. ಇಂಥ ಎಡಬಿಡಂಗಿ ಸ್ಥಿತಿಯಲ್ಲಿರುವವರು ಒಂದು ಸಂಘ ಕಟ್ಟಿಕೊಂಡರೆ ಅದರ ನಿಲುವನ್ನು ಯಾರು ತೀರ್ಮಾನಿಸಬೇಕು? ಸದಸ್ಯರೇ ಎಂದು ಯಾರಾದರೂ ಹೇಳುತ್ತಾರೆ. ಹೇಗೆ ಎಂದು ಕೇಳಿದಾಗ ಮಾತ್ರ ತಡವರಿಕೆ ಶುರುವಾಗುತ್ತದೆ.

ನಮ್ಮಲ್ಲಿ ರೂಢಿಯಾಗಿರುವ ಉತ್ತರ ಮುಷ್ಕರ. 2019ರ ನವೆಂಬರಿನಲ್ಲಿ ಮಿಂಟೋದಲ್ಲಿ ಕಿರಿಯ ವೈದ್ಯರ ಮೇಲೆ ಹಲ್ಲೆಯಾಯಿತೆಂಬ ದೂರಿನ ಹಿಂದೆಯೇ ಕೆಲಸ ನಿಂತಿತು. ಕೆಲವೇ ದಿನಗಳಲ್ಲಿ ಅದು ಹೊರರೋಗಿ ವಿಭಾಗಗಳನ್ನು ಮುಚ್ಚುವವರೆಗೆ ಬೆಳೆಯಿತು. ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಿಂಸೆಯನ್ನು ತಡೆಯುವ ಕಾನೂನನ್ನು ಕರ್ನಾಟಕ 2009ರಲ್ಲೇ ಮಾಡಿತ್ತು. ಕೊರತೆಯಿದ್ದದ್ದು ಆ ಕಾನೂನನ್ನು ವರ್ಷವಿಡೀ ಕೈಯಲ್ಲಿ ಹಿಡಿದು ಕಾವಲುಗಾರ, ಪೊಲೀಸ್ ಚೌಕಿ, ದೂರು ಕೊಡಬೇಕಾದವರು ಯಾರು ಎಂಬ ಸಣ್ಣ ವಿಷಯಗಳ ಬೆನ್ನು ಹತ್ತುವ ಸಂಘದ್ದು. ಮುಷ್ಕರದಿಂದ ದುಡ್ಡು ಹೆಚ್ಚಿಸಿಕೊಳ್ಳಬಹುದು, ಬಂಧನ ಮಾಡಿಸಬಹುದು. ಅದು ಹೌದು ಅಥವಾ ಅಲ್ಲ ಎಂಬ ಎರಡೇ ಮಾತು ಬಲ್ಲ ಭಾಷೆ. ರಾತ್ರೋರಾತ್ರಿ ತಯಾರಾಗುವ ಬೇಡಿಕೆ ಪಟ್ಟಿಯನ್ನು ನಾಲ್ಕು ಜನ ಕೂತು ಬರೆದರೆ ಸಾಕು, ಉಳಿದ ನೂರಾರು ಜನ ಬಿಳಿ ಕೋಟು ತೊಟ್ಟು ಮೆಟ್ಟಿಲ ಮೇಲೆ ಬಂದು ನಿಲ್ಲುತ್ತಾರೆ.

ಡ್ಯೂಟಿ ಗಂಟೆಗಳ ಕಥೆ ಇನ್ನೂ ವಿಚಿತ್ರ. ರೆಸಿಡೆಂಟ್ ವೈದ್ಯರು ಸಾಮಾನ್ಯವಾಗಿ ವಾರಕ್ಕೆ 48 ಗಂಟೆ, ಒಂದೇ ಸಮನೆ 12 ಗಂಟೆ ಮೀರದಂತೆ ಕೆಲಸ ಮಾಡಬೇಕೆಂದು ಕೇಂದ್ರ ಸರ್ಕಾರ 1992ರಲ್ಲೇ ಬರೆದಿಟ್ಟಿದೆ. 36 ಗಂಟೆ ಡ್ಯೂಟಿ ಮುಗಿಸಿ ಬಂದ ಪಿಜಿಗೆ ಇದನ್ನು ಓದಿ ಹೇಳಿದರೆ ನಗಲಿಕ್ಕೂ ತ್ರಾಣವಿರುವುದಿಲ್ಲ. 2023ರ ಸ್ನಾತಕೋತ್ತರ ನಿಯಮಾವಳಿಯಲ್ಲಿ ಅಂಕಿಯೇ ಮಾಯವಾಗಿ ‘ಸಮಂಜಸ’ ಗಂಟೆಗಳು ಎಂಬ ಮಾತು ಬಂತು. 2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಾನಸಿಕ ಆರೋಗ್ಯ ಕಾರ್ಯಪಡೆ ವಾರಕ್ಕೆ 74 ಗಂಟೆ ಮೀರಬಾರದೆಂದು ಶಿಫಾರಸು ಮಾಡಿತು. ಅದರ ಸಮೀಕ್ಷೆಗೆ 25,590 ಎಂಬಿಬಿಎಸ್ ವಿದ್ಯಾರ್ಥಿಗಳೂ 5,337 ಸ್ನಾತಕೋತ್ತರ ವಿದ್ಯಾರ್ಥಿಗಳೂ ಉತ್ತರಿಸಿದ್ದರು. ಸಣ್ಣ ಸಂಖ್ಯೆಯಲ್ಲ, ಕಾರ್ಯಪಡೆಯ ಪ್ರಾಮಾಣಿಕತೆಯ ಬಗ್ಗೆ ನನಗೆ ಸಂಶಯವೂ ಇಲ್ಲ. ಆದರೂ 30,000ಕ್ಕೂ ಮಿಕ್ಕ ಆ ವಿದ್ಯಾರ್ಥಿಗಳು ಅಲ್ಲಿ ಉತ್ತರ ಕೊಟ್ಟವರು ಮಾತ್ರ. ಏನು ಕೇಳಬೇಕೆಂದು ಗೊತ್ತುಮಾಡಿದವರು ಬೇರೆ. 48 ಹೋಗಿ 74 ಯಾಕಾಯಿತು ಎಂದು ಎದ್ದು ನಿಂತು ಕೇಳುವ ಜಾಗ ಅವರಿಗೆ ಇರಲಿಲ್ಲ. ಸದಸ್ಯತ್ವ ಎಂದರೆ ಆ ಜಾಗ. ಪ್ರಶ್ನೆಯನ್ನೇ ತಿದ್ದುವ ಅಧಿಕಾರವಿಲ್ಲದ ಕಡೆ ಎಷ್ಟು ಸಾವಿರ ಜನರ ಅಭಿಪ್ರಾಯ ಕೇಳಿದರೂ ಅದು ಎಣಿಕೆಯಾದೀತು, ನೀತಿನಿರೂಪಣೆಯಾಗದು.

ಹೊರಗೆ ಇದನ್ನು ಬೇರೆ ರೀತಿ ಮಾಡುತ್ತಾರೆ. 1951ರಲ್ಲಿ ಕೋಪನ್‌ಹೇಗನ್ನಿನಲ್ಲಿ ಹುಟ್ಟಿದ ವೈದ್ಯಕೀಯ ವಿದ್ಯಾರ್ಥಿಗಳ ಅಂತರರಾಷ್ಟ್ರೀಯ ಒಕ್ಕೂಟದಲ್ಲಿ ಯಾವುದಾದರೂ ದೇಶದ ಸಂಘ ಕರಡು ತರುತ್ತದೆ, ಉಳಿದವರು ಮಹಾಸಭೆಗೆ ಮೊದಲೇ ಅದನ್ನು ಓದಿ ತಿದ್ದುಪಡಿ ಕಳಿಸುತ್ತಾರೆ, ಆಮೇಲೆ ಚರ್ಚೆ, ಮತ. ಒಪ್ಪಿಗೆಯಾದ ನಿಲುವಿಗೂ ಮೂರು ವರ್ಷದ ಆಯಸ್ಸು. ಅದು ಮುಗಿದರೆ ಹೊಸಬರು ಅದನ್ನು ಮತ್ತೆ ವಾದಿಸಿ ಗೆಲ್ಲಬೇಕು. ಬ್ರಿಟನ್ನಿನ ವೈದ್ಯರ ಸಂಘಕ್ಕೆ ವಿದ್ಯಾರ್ಥಿಗಳೂ ಸದಸ್ಯರು. ವೈದ್ಯರ ನೆರವಿನ ಮರಣದ ಕಾನೂನಿನ ವಿಚಾರದಲ್ಲಿ ಆ ಸಂಘ 2020ರಲ್ಲಿ ಸದಸ್ಯರ ಅಭಿಪ್ರಾಯ ಸಂಗ್ರಹಿಸಿತು. ಮುಂದಿನ ವರ್ಷ ಪ್ರತಿನಿಧಿಗಳ ಸಭೆಯಲ್ಲಿ 49ಕ್ಕೆ 48 ಶೇಕಡಾ ಮತದಿಂದ ವಿರೋಧವನ್ನು ಬಿಟ್ಟು ತಟಸ್ಥ ನಿಲುವಿಗೆ ಬಂತು. ಒಂದೇ ಶೇಕಡಾ ಅಂತರದ ಆ ತೀರ್ಮಾನವನ್ನು ಸೋತವರೂ ಸಹಿಸಿಕೊಂಡದ್ದು ಹೇಗೆ? ಅವರ ವಾದಕ್ಕೂ ಸಭೆಯಲ್ಲಿ ಹೊತ್ತು ಸಿಕ್ಕಿತ್ತು, ಸಮೀಕ್ಷೆಯಲ್ಲಿ ಲೆಕ್ಕ ಸಿಕ್ಕಿತ್ತು ಎಂಬುದರಿಂದಲೇ ಇರಬೇಕು. ವಿದ್ಯಾರ್ಥಿಗಳ ಆ ಅಂತರರಾಷ್ಟ್ರೀಯ ಒಕ್ಕೂಟದ ಬಗ್ಗೆ ನನಗೆ ಪೂರ್ತಿ ಮೋಹವೇನೂ ಇಲ್ಲ. ವಾಣಿವಿಲಾಸದ ಹೆರಿಗೆ ವಾರ್ಡಿನಲ್ಲಿ ವಿದ್ಯಾರ್ಥಿನಿಯೊಬ್ಬಳು ಕಂಡದ್ದು ಅಲ್ಲಿಗೆ ತಲುಪುವಷ್ಟರಲ್ಲಿ ಒಳ್ಳೆಯ ಇಂಗ್ಲಿಷ್ ಬಲ್ಲ, ವಿಮಾನದ ಟಿಕೆಟ್ ಕೊಳ್ಳಬಲ್ಲ ಮೂವರ ಬಾಯಿ ದಾಟಿರುತ್ತದೆ. ಕರಡನ್ನು ಮುಂಚಿತವಾಗಿ ಹಂಚುವುದು, ನಿಲುವಿಗೆ ಅವಧಿ ಇಡುವುದು, ಇವೆರಡನ್ನು ಮಾತ್ರ ಕಣ್ಣುಮುಚ್ಚಿ ತರಬಹುದು.

ಆಸ್ಪತ್ರೆಗಳ ಸುತ್ತಲಿನ ಈ ಪೇಟೆಗಳಿಗೆ ಸಂಘ ಕಟ್ಟಿ ಚರ್ಚಿಸುವುದು ಹೊಸ ವಿದ್ಯೆಯೂ ಅಲ್ಲ. ಮೆಡಿಕಲ್ ಕಾಲೇಜನ್ನೇ 1955ರಲ್ಲಿ ಶುರುಮಾಡಿದ್ದು ಒಂದು ಖಾಸಗಿ ಸೊಸೈಟಿ, ಮರುವರ್ಷ ಸರ್ಕಾರ ವಹಿಸಿಕೊಂಡಿತು. ಬಸವನಗುಡಿಯಲ್ಲಿ ಡಿ.ವಿ.ಜಿ. 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದ್ದು ಮತ ಹಾಕುವ ಮೊದಲು ವಿಷಯ ಓದಿಕೊಳ್ಳುವ ಅಭ್ಯಾಸವಾಗಲಿ ಎಂದು. ಅಡ್ಡದಾರಿಯ ಉದಾಹರಣೆ ಬೇಕಿದ್ದರೂ ಚಾಮರಾಜಪೇಟೆಯಲ್ಲೇ ಇದೆ: 1915ರಲ್ಲಿ ಹುಟ್ಟಿದ ಸಾಹಿತ್ಯ ಪರಿಷತ್ತಿಗೆ ಲಕ್ಷಗಟ್ಟಲೆ ಸದಸ್ಯರು, ಅವರಲ್ಲಿ ಹೆಚ್ಚಿನವರಿಗೆ ಸದಸ್ಯತ್ವ ನೆನಪಾಗುವುದು ಅಧ್ಯಕ್ಷರ ಚುನಾವಣೆ ಬಂದಾಗ. ಆದರೆ ವಿದ್ಯಾರ್ಥಿಗಳಿಗೇ ಸಂಘ ನಡೆಸುವ ಪಾಠ ತಪ್ಪಿಹೋಯಿತು. ರಾಜ್ಯದ ಕಾಲೇಜುಗಳಲ್ಲಿ ವಿದ್ಯಾರ್ಥಿ ಚುನಾವಣೆ ನಿಂತು ಮೂರು ದಶಕ ದಾಟಿದೆ. ಗಲಾಟೆ ತಪ್ಪಿತು, ನಿಜ. ಗೊತ್ತುವಳಿ ಮಂಡಿಸುವುದು, ತಿದ್ದುಪಡಿ ಸೂಚಿಸುವುದು, ಸೋತ ಮೇಲೂ ಭಿನ್ನಮತವನ್ನು ನಡಾವಳಿಯಲ್ಲಿ ಬರೆಸುವುದು, ಇವೂ ಜೊತೆಗೇ ಹೋದವು.

ಓದುವವರಿಗೆ ಸಮಯವೆಲ್ಲಿ ಎಂಬ ಆಕ್ಷೇಪವಿದೆ. ನೀತಿ ದೊಡ್ಡವರ ಕೆಲಸ ಎನ್ನುವವರೂ ಇದ್ದಾರೆ. ಎರಡನೆಯದಕ್ಕೆ ಉತ್ತರ ಸುಲಭ: ಬೆಳಗಿನ ಜಾವ ಮೂರಕ್ಕೆ ಕ್ಯಾಶುವಾಲ್ಟಿಯಲ್ಲಿ ಎಷ್ಟು ಕೈಗಳಿವೆ ಎಂಬುದರಲ್ಲಿ ತಜ್ಞರು ಅಲ್ಲಿ ನಿಂತವರೇ. ಮೊದಲನೆಯದು ಕಷ್ಟದ್ದು. ಹೌಸ್ ಸರ್ಜನ್‌ಗೆ ಇರುವುದು ಒಂದು ವರ್ಷ, ಪಿಜಿಗೆ ಮೂರು. ಅನುಭವ ಮಾಗುವ ಹೊತ್ತಿಗೆ ಸದಸ್ಯ ಹೊರಗೆ. ಹೀಗೆ ಬ್ಯಾಚು ಬ್ಯಾಚಿಗೆ ಮರೆವು ಬರುವ ಸಂಘಕ್ಕೆ ನೆನಪೆಂದರೆ ನಡಾವಳಿ ಪುಸ್ತಕವೊಂದೇ, ಮತ್ತು ಅದು ಅಧ್ಯಕ್ಷರ ಫೋನಿನೊಳಗೆ ಇರಬಾರದು.

ಇದೆಲ್ಲಕ್ಕಿಂತ ಗಟ್ಟಿಯಾದ ತಡೆಯನ್ನು ಯಾರೂ ಸಭೆಯಲ್ಲಿ ಆಡುವುದಿಲ್ಲ. ಪಿಜಿಯ ಥೀಸಿಸ್‌ಗೆ, ಲಾಗ್‌ಬುಕ್‌ಗೆ ಸಹಿ ಹಾಕುವವರು ವಿಭಾಗದ ಮುಖ್ಯಸ್ಥರು. ಅವರ ವಿಭಾಗದ ಡ್ಯೂಟಿ ಪಟ್ಟಿ ಪ್ರತಿ ತಿಂಗಳು ಗೋಡೆಗೆ ಬೀಳಲಿ, ನಿಜವಾಗಿ ಮಾಡಿದ ಗಂಟೆ ಪಕ್ಕದಲ್ಲೇ ಬರೆದಿರಲಿ ಎಂಬ ಗೊತ್ತುವಳಿಗೆ ಮಂಡಕ ಎಂದು ಹೆಸರು ಕೊಡುವವರು ಯಾರು? ಸದಸ್ಯರು ಸುಮ್ಮನಿದ್ದರೆ ಅವರಿಗೆ ಆಸಕ್ತಿಯಿಲ್ಲವೆಂದು ಪದಾಧಿಕಾರಿಗಳು ಬೇಗ ತೀರ್ಮಾನಿಸುತ್ತಾರೆ. ಅಂಥ ಕಡೆ ಸೂಚನೆಗಳು ಹೆಸರಿಲ್ಲದೆ ಬರಲಿ, ಮತ ಗುಪ್ತವಾಗಿರಲಿ, ಪಾಸಾದ ಗೊತ್ತುವಳಿ ಸಂಘದ ಲೆಟರ್‌ಹೆಡ್ಡಿನಲ್ಲಿ ಮಾತ್ರ ಹೊರಗೆ ಹೋಗಲಿ. ಪತ್ರವನ್ನು ಮುಖ್ಯಸ್ಥರ ಮೇಜಿನ ಮೇಲಿಡಲು ಥೀಸಿಸ್ ಸಹಿ ಆಗಲೇ ಮುಗಿದಿರುವ ಕೊನೆಯ ವರ್ಷದವರನ್ನು ಕಳಿಸುವುದು ಒಳ್ಳೆಯದು.