ಅಧ್ಯಯನ ಅವನದು, ಹೊರೆ ಅವಳದು

2024ರ ಜೂನ್ 25ರಂದು ಇಸ್ರೇಲಿನ ಸುಪ್ರೀಮ್ ಕೋರ್ಟಿನ ಒಂಬತ್ತು ಮಂದಿ ನ್ಯಾಯಾಧೀಶರು ಒಮ್ಮತದ ತೀರ್ಪೊಂದನ್ನು ನೀಡಿದರು. ಧಾರ್ಮಿಕ ಪಾಠಶಾಲೆಗಳಲ್ಲಿ ಕಲಿಯುವ ಹರೇದಿ ಯುವಕರನ್ನು ಕಡ್ಡಾಯ ಸೇನಾಸೇವೆಯಿಂದ ಹೊರಗಿಡಲು ಸರಕಾರಕ್ಕೆ ಕಾನೂನಿನ ಆಧಾರ ಉಳಿದಿಲ್ಲ, ಸೇನೆಗೆ ಹೋಗಬೇಕಾಗಿದ್ದೂ ಹೋಗದವರ ಹೆಸರಿನಲ್ಲಿ ಪಾಠಶಾಲೆಗಳಿಗೆ ಹಣ ಕೊಡುವಂತೆಯೂ ಇಲ್ಲ ಎಂಬುದು ಅದರ ಸಾರ. ಆಗ ಲೆಕ್ಕಕ್ಕೆ ಬಂದ ಯುವಕರ ಸಂಖ್ಯೆ ಸುಮಾರು 63,000. ಮಾಧ್ಯಮಗಳು ಇದನ್ನು ಸೇನೆಯ ಸುದ್ದಿಯಾಗಿಯೇ ಕಂಡವು. ಗಾಝಾದ ಮೇಲೆ ಬಾಂಬು ಸುರಿಯುತ್ತಿದ್ದ ಸೇನೆಗೆ ಇನ್ನಷ್ಟು ಯುವಕರು ಸಿಗಲಿಲ್ಲವಲ್ಲ ಎಂದು ಮರುಗುವ ಅಗತ್ಯ ನಮಗಿಲ್ಲ. ನಾವು ಎತ್ತಬಯಸುವ ಪ್ರಶ್ನೆ ಬೇರೆ. ಮದುವೆಯಾಗಿ ಮಕ್ಕಳ ತಂದೆಯೂ ಆದ ತರುಣನೊಬ್ಬ ದಿನವಿಡೀ ಧರ್ಮಗ್ರಂಥದ ಮುಂದೆ ಕುಳಿತರೆ ಆ ಮನೆಯನ್ನು ನಡೆಸುವವರು ಯಾರು?

ಹರೇದಿಗಳೆಂದರೆ ಯಹೂದಿಯರಲ್ಲಿ ಅತ್ಯಂತ ಕಟ್ಟುನಿಟ್ಟಿನ ಸಂಪ್ರದಾಯಸ್ಥರು. ಅವಿವಾಹಿತ ಹುಡುಗರು ಕಲಿಯುವ ಸಂಸ್ಥೆಗೆ ಯೆಶಿವಾ ಎಂದೂ, ವಿವಾಹಿತರು ಕಲಿಯುವ ಸಂಸ್ಥೆಗೆ ಕೊಲ್ಲೆಲ್ ಎಂದೂ ಹೆಸರು. ತೋರಾ ಎಂದರೆ ನಾವು ತೌರಾತ್ ಎನ್ನುವ, ಪ್ರವಾದಿ ಮೂಸಾ(ಅ)ರಿಗೆ ಅವತೀರ್ಣವಾದ ಗ್ರಂಥ. ಆದರೆ ಕೊಲ್ಲೆಲ್‌ನಲ್ಲಿ ಹೆಚ್ಚಿನ ಸಮಯ ಸಲ್ಲುವುದು ಆ ಗ್ರಂಥದ ವಿಧಿಗಳನ್ನು ಚರ್ಚಿಸುವ ತಲ್ಮೂದ್‌ಗೆ. ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಮೂರು ಹೊತ್ತು ಪಾಠ. ಉಪನ್ಯಾಸ ಕೇಳುವುದಕ್ಕಿಂತ ಇಬ್ಬಿಬ್ಬರು ಎದುರುಬದುರು ಕುಳಿತು ಒಂದೇ ಪುಟದ ಮೇಲೆ ಗಟ್ಟಿ ದನಿಯಲ್ಲಿ ವಾದಿಸುವುದೇ ಅಲ್ಲಿ ಮುಖ್ಯ. ಪುಟದ ನಡುವೆ ಮೂಲ, ಒಂದು ಬದಿಯಲ್ಲಿ 11ನೇ ಶತಮಾನದ ರಶಿಯವರ ವ್ಯಾಖ್ಯಾನ, ಇನ್ನೊಂದು ಬದಿಯಲ್ಲಿ ಅವರ ನಂತರದವರ ಆಕ್ಷೇಪ, ಸಮಾಧಾನಗಳು. ಪದವಿ ಪಡೆದು ಉದ್ಯೋಗ ಹಿಡಿಯುವುದು ಇಲ್ಲಿಯ ಉದ್ದೇಶವಲ್ಲ. ಕಲಿಕೆಯೇ ಆರಾಧನೆ.

ಆದರೆ ಇದು ಪುರಾತನ ಪದ್ಧತಿಯೇನೂ ಅಲ್ಲ. ಈಗಿನ ಸ್ವರೂಪದ ಮೊದಲ ಕೊಲ್ಲೆಲ್ ಆರಂಭವಾದುದು 1877ರಲ್ಲಿ, ಲಿಥುವೇನಿಯಾದ ಕೋವ್ನೊ ಪಟ್ಟಣದಲ್ಲಿ, ರಬ್ಬಿ ಇಸ್ರಾಯೇಲ್ ಸಲಾಂಟರ್‌ರವರ ಪ್ರೇರಣೆಯಿಂದ. ಮುಂದೆ ಸಮುದಾಯದ ಧರ್ಮಗುರುಗಳಾಗಬಲ್ಲ ಬೆರಳೆಣಿಕೆಯ ಪ್ರತಿಭಾವಂತರಿಗಷ್ಟೇ ಅಲ್ಲಿ ಸ್ಥಾನವಿತ್ತು. ಆ ಬಳಿಕ ನಾಝಿಗಳ ನರಮೇಧ ಬಂತು. ಲಿಥುವೇನಿಯಾ, ಪೋಲೆಂಡುಗಳ ಯೆಶಿವಾಗಳು ಗುರುಶಿಷ್ಯರ ಸಮೇತ ಅಳಿದುಹೋದವು. ಬದುಕುಳಿದ ವಿದ್ವಾಂಸರ ಮುಂದಿದ್ದುದು ಬೂದಿಯ ರಾಶಿ. ರಬ್ಬಿ ಆರನ್ ಕೋಟ್ಲರ್ 1943ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಲೇಕ್‌ವುಡ್‌ನಲ್ಲಿ ಕೆಲವೇ ವಿದ್ಯಾರ್ಥಿಗಳೊಂದಿಗೆ ಕಟ್ಟಿದ ಸಂಸ್ಥೆಯಲ್ಲಿ ಇಂದು ಸಾವಿರಾರು ಮಂದಿ ಇದ್ದಾರೆ. ಅವರಲ್ಲಿ ಹೆಚ್ಚಿನವರು ವಿವಾಹಿತರು. ಇತ್ತ ಬ್ನೇ ಬ್ರಾಕ್ ಪಟ್ಟಣದಲ್ಲಿ, ಹಝೋನ್ ಇಶ್ ಎಂದೇ ಖ್ಯಾತರಾದ ರಬ್ಬಿ ಅವ್ರಹಾಮ್ ಕರೆಲಿಟ್ಸ್ 1953ರಲ್ಲಿ ತೀರಿಕೊಳ್ಳುವವರೆಗೂ ಇದೇ ಕೆಲಸಕ್ಕೆ ಬೆನ್ನೆಲುಬಾಗಿದ್ದರು. ವಿದ್ವಾಂಸರನ್ನೆಲ್ಲ ಕಳಕೊಂಡ ಸಮುದಾಯವೊಂದು ತನ್ನ ಗಂಡುಮಕ್ಕಳನ್ನು ಮತ್ತೆ ಗ್ರಂಥದ ಮುಂದೆ ಕೂರಿಸಿತು ಎಂಬುದನ್ನು ಲಘುವಾಗಿ ಕಾಣುವ ಧಾರ್ಷ್ಟ್ಯ ನಮಗಿಲ್ಲ. ಜ್ಞಾನಕ್ಕೆ ಬೆಲೆ ಕೊಡುವ ಯಾರಿಗೂ ಇರಕೂಡದು.

ಕೆಲವರಿಗೆ ಮೀಸಲಾದ ಗೌರವ ಎಲ್ಲರ ಕಡ್ಡಾಯವಾಗಿ ಮಾರ್ಪಟ್ಟುದೇ ಸಮಸ್ಯೆಯ ಮೂಲ. 1948ರಲ್ಲಿ ಬೆನ್ ಗುರಿಯನ್ ಸೇನಾಸೇವೆಯಿಂದ ವಿನಾಯಿತಿ ಕೊಟ್ಟದ್ದು 400 ವಿದ್ಯಾರ್ಥಿಗಳಿಗೆ. 1977ರಲ್ಲಿ ಅಧಿಕಾರಕ್ಕೆ ಬಂದ ಬೆಗಿನ್‌ಗೆ ಧಾರ್ಮಿಕ ಪಕ್ಷಗಳ ಬೆಂಬಲ ಬೇಕಿತ್ತು, ಮಿತಿ ಹಾರಿಹೋಯಿತು. ವಿನಾಯಿತಿಗೆ ಇದ್ದ ಶರತ್ತು ಒಂದೇ: ತೋರಾ ಕಲಿಕೆಯೇ ಆತನ ಏಕೈಕ ವೃತ್ತಿಯಾಗಿರಬೇಕು. ಕಲಿಕೆ ಬಿಟ್ಟು ಅಂಗಡಿಯಲ್ಲೋ ಕಾರ್ಖಾನೆಯಲ್ಲೋ ಕೆಲಸಕ್ಕೆ ಸೇರಿದರೆ ಸೇನೆಯ ಕರೆ ಬರುತ್ತದೆ. ಹಾಗಾಗಿ ಓದಿನಲ್ಲಿ ಮನಸ್ಸಿಲ್ಲದವನೂ ವಿನಾಯಿತಿಯ ವಯಸ್ಸು ದಾಟುವ ತನಕ ಬೆಂಚು ಬಿಟ್ಟು ಏಳುವಂತಿಲ್ಲ. ಆ ಹೊತ್ತಿಗೆ ಮೂರ್ನಾಲ್ಕು ಮಕ್ಕಳಾಗಿರುತ್ತವೆ, ಕೈಯಲ್ಲಿ ಕಸುಬಿಲ್ಲ. ಹದಿಮೂರು ಹದಿನಾಲ್ಕರ ಪ್ರಾಯದ ನಂತರ ಹೆಚ್ಚಿನ ಹರೇದಿ ಹುಡುಗರು ಗಣಿತ, ವಿಜ್ಞಾನ, ಇಂಗ್ಲಿಷ್ ಕಲಿತೇ ಇರುವುದಿಲ್ಲ. ಇದನ್ನು ಭಕ್ತಿ ಎನ್ನಬೇಕೇ, ಬಂಧನ ಎನ್ನಬೇಕೇ?

ಇನ್ನು ಹೆಣ್ಣಿನ ಸ್ಥಿತಿ. ಯಹೂದಿ ವಿವಾಹದ ಕರಾರುಪತ್ರವಾದ ಕೆತುಬಾದಲ್ಲಿ ಹೆಂಡತಿಗೆ ಅನ್ನ, ಬಟ್ಟೆ ಒದಗಿಸುವ ಹೊಣೆ ಹೊರುವವನು ಗಂಡ. ಕೊಲ್ಲೆಲ್‌ನ ಮನೆಯಲ್ಲಿ ಅದು ತಲೆಕೆಳಗಾಗಿದೆ. ಹರೇದಿ ಮಹಿಳೆಯರಲ್ಲಿ ಶೇಕಡಾ 80ರಷ್ಟು ಮಂದಿ ದುಡಿಯುತ್ತಾರೆ. ಪುರುಷರಲ್ಲಿ ದುಡಿಯುವವರು ಅರ್ಧಕ್ಕಿಂತ ತುಸು ಹೆಚ್ಚು. ಸಾರಾ ಶೆನಿರರ್ ಎಂಬ ದರ್ಜಿ ಮಹಿಳೆ 1917ರಲ್ಲಿ ಪೋಲೆಂಡಿನ ಕ್ರಾಕೋವ್‌ನಲ್ಲಿ ಹುಡುಗಿಯರಿಗಾಗಿ ಆರಂಭಿಸಿದ ಬೇತ್ ಯಾಕೋವ್ ಶಾಲೆಗಳ ಪರಂಪರೆ ಇಂದು ಈ ಹೆಣ್ಣುಮಕ್ಕಳನ್ನು ಶಿಕ್ಷಕಿಯರನ್ನಾಗಿ, ಲೆಕ್ಕಿಗರನ್ನಾಗಿ, ಕಂಪ್ಯೂಟರ್ ತಜ್ಞೆಯರನ್ನಾಗಿ ಮಾಡುತ್ತಿದೆ. ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ರಬ್ಬಿ ಅಕೀವಾರ ಪತ್ನಿಯ ಕಥೆಯನ್ನು ಅವರು ಬಾಲ್ಯದಿಂದಲೇ ಕೇಳಿರುತ್ತಾರೆ. ಗಂಡನನ್ನು ಇಪ್ಪತ್ತನಾಲ್ಕು ವರ್ಷ ಕಲಿಯಲು ಕಳುಹಿಸಿ ಬಡತನದಲ್ಲಿ ಕಾದಿದ್ದ ಮಹಿಳೆ ಆಕೆ. ಕಥೆ ದೊಡ್ಡದೇ. ಆದರೆ ಆಕೆಗೆ ಹಾಗೆ ಮಾಡೆಂದು ಯಾರೂ ಆಜ್ಞಾಪಿಸಿರಲಿಲ್ಲ, ತಂದೆಯ ವಿರೋಧವನ್ನೂ ಎದುರಿಸಿ ಆಕೆ ತಾನಾಗಿ ಆರಿಸಿಕೊಂಡ ದಾರಿಯದು. ಈಗ ಹೆಣ್ಣು ಹೆತ್ತವರ ಪಾಡು ನೋಡಿ. ಓದಿನಲ್ಲಿ ಹೆಸರು ಮಾಡಿದ ವರ ಬೇಕಿದ್ದರೆ ನವದಂಪತಿಗೆ ಫ್ಲಾಟ್ ಕೊಡಿಸಬೇಕೆಂಬ ನಿರೀಕ್ಷೆ ಹುಡುಗಿಯ ತಂದೆಯ ಮೇಲಿದೆ. ಅವನೂ ಸಾಲಗಾರನಾಗುತ್ತಾನೆ. ವರದಕ್ಷಿಣೆಯ ರೂಪಗಳನ್ನು ಹತ್ತಿರದಿಂದ ಕಂಡ ನಮ್ಮ ಓದುಗರಿಗೆ ಇದನ್ನು ವಿವರಿಸಬೇಕಿಲ್ಲ.

ಪ್ರತಿರೋಧದ ದನಿ ಆ ಪರಂಪರೆಯ ಒಳಗೇ ಇದೆ. ತಲ್ಮೂದ್‌ನ ಮಹಾ ವಿದ್ವಾಂಸರಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಯೋಹನಾನ್ ಇದ್ದರು, ಕಮ್ಮಾರ ಇಸ್ಹಾಕ್ ಇದ್ದರು. ಕುರ್ತುಬಾದಲ್ಲಿ ಹುಟ್ಟಿ, ಅಯ್ಯೂಬಿಗಳ ಈಜಿಪ್ಟಿನಲ್ಲಿ ವೈದ್ಯರಾಗಿ ಬಾಳಿ 1204ರಲ್ಲಿ ತೀರಿಕೊಂಡ ಮೂಸಾ ಇಬ್ನ್ ಮೈಮೂನ್, ದುಡಿಯದೆ ದಾನದಿಂದ ಬದುಕಿ ತೋರಾ ಕಲಿಯಲು ಹೊರಡುವವನು ದೇವನಾಮಕ್ಕೇ ಕಳಂಕ ತರುತ್ತಾನೆಂದು ಬರೆದರು. ನಿಜ, 16ನೇ ಶತಮಾನದಲ್ಲಿ ಸಫದ್‌ನ ಯೂಸುಫ್ ಕಾರೋ ಅವರನ್ನು ಒಪ್ಪಲಿಲ್ಲ. ಪೋಷಣೆ ನಿಂತರೆ ವಿದ್ವತ್ತೇ ನಶಿಸೀತು ಎಂಬ ಭಯ ಕಾರೋಗೆ ಇತ್ತು. ಆ ಭಯ ನ್ಯಾಯವಾದುದು. ಆದರೆ ಅದು ವಿದ್ವಾಂಸರ ಕುರಿತಾದ ಮಾತು. ಒಂದಿಡೀ ಸಮುದಾಯದ ಗಂಡಸರೆಲ್ಲರಿಗೆ ಅದು ಹೇಗೆ ಅನ್ವಯಿಸುತ್ತದೆ? ಹರೇದಿಗಳಲ್ಲೇ ಹಸೀದಿ ಪಂಥದ ಅನೇಕರು ಮದುವೆಯ ನಂತರ ಒಂದೆರಡು ವರ್ಷ ಕಲಿತು ಕೆಲಸ ಹಿಡಿಯುತ್ತಾರೆ. ಅವರ ಧರ್ಮನಿಷ್ಠೆಗೆ ಅದರಿಂದ ಕುಂದು ಬಂದಿಲ್ಲ.

ರಾಜಕೀಯ ಪಕ್ಷಗಳಿಗೆ ಮಾತ್ರ ಈ ಬೆಂಚುಗಳು ತುಂಬಿರಬೇಕು. ಶಾಸ್ ಮತ್ತು ಯುನೈಟೆಡ್ ತೋರಾ ಜುದಾಯಿಸಂ ಪಕ್ಷಗಳು ಸರಕಾರ ರಚನೆಯ ಚೌಕಾಶಿಯಲ್ಲಿ ಕೊಲ್ಲೆಲ್‌ಗಳ ಅನುದಾನವನ್ನು ಮುಂದಿಡುತ್ತಲೇ ಬಂದಿವೆ. ವಿನಾಯಿತಿ ಮಸೂದೆಯ ಜಗಳದಲ್ಲಿ 2025ರ ಜುಲೈಯಲ್ಲಿ ಎರಡೂ ಸಚಿವ ಸ್ಥಾನಗಳನ್ನು ತೊರೆದವು. ಸರಿಸುಮಾರು ಮೂರರಲ್ಲೊಂದು ಹರೇದಿ ಕುಟುಂಬ ಬಡತನದ ರೇಖೆಗಿಂತ ಕೆಳಗಿದೆ. ಅದಕ್ಕಾಗಿ ಯಾರೂ ರಾಜೀನಾಮೆ ಕೊಟ್ಟ ನೆನಪು ನಮಗಿಲ್ಲ.

ತೀರ್ಪಿನ ಬಳಿಕ ಮೊದಲ ಪೆಟ್ಟು ಯಾರಿಗೆ ತಟ್ಟಿತು ಎಂಬುದನ್ನೂ ಗಮನಿಸಬೇಕು. ದುಡಿಯಲು ಹೋಗುವ ತಾಯಂದಿರ ಪುಟ್ಟ ಮಕ್ಕಳ ಪಾಲನಾಕೇಂದ್ರದ ಶುಲ್ಕಕ್ಕೆ ಸರಕಾರ ಸಹಾಯಧನ ಕೊಡುತ್ತಿತ್ತು. ತಂದೆ ಸೇನೆಯ ಕರೆಗೆ ಓಗೊಡದ ಕೊಲ್ಲೆಲ್ ವಿದ್ಯಾರ್ಥಿಯಾಗಿದ್ದರೆ ಆ ಸಹಾಯಧನ ಮುಂದುವರಿಸಲಾಗದೆಂದು ದೇಶದ ಅಟಾರ್ನಿ ಜನರಲ್ 2024ರಲ್ಲೇ ತಿಳಿಸಿದರು. ಕಲಿಯುತ್ತಿದ್ದವನು ಗಂಡ. ಕರೆ ಬಂದದ್ದು ಗಂಡನಿಗೆ. ಲೆಕ್ಕ ಚುಕ್ತಾ ಮಾಡಬೇಕಾಗಿ ಬಂದದ್ದು ಬೆಳಗ್ಗೆ ಮಗುವನ್ನು ಅಲ್ಲಿ ಬಿಟ್ಟು ಕೆಲಸಕ್ಕೆ ಓಡುತ್ತಿದ್ದ ಹೆಂಡತಿ.