ಕೊನೆಯ ಅಂಕಿ ಬರೆಯದ ಗೂಡ್ಸ್ ಡಬ್ಬಿ

ನಮ್ಮ ಶಾಲೆಯ ಏಳನೆಯ ತರಗತಿಯಲ್ಲಿ ಈ ವರ್ಷ ಒಂದು ಗೂಡ್ಸ್ ಗಾಡಿ ಸಿದ್ಧವಾಗುತ್ತಿದೆಯೆಂದರೆ ವಾಚಕರು ನಗಬಹುದು. ಹಣ್ಣಿನ ಪೆಟ್ಟಿಗೆಯ ಹಲಗೆ, ಬೆಂಕಿಕಡ್ಡಿ, ಊದುಬತ್ತಿಯ ಬಿದಿರುಕಡ್ಡಿ, ಲಗ್ನಪತ್ರಿಕೆಯ ದಪ್ಪ ಕಾಗದ, ಇಷ್ಟೇ ಅದರ ಬಂಡವಾಳ. ಆರರಿಂದ ಎಂಟನೆಯ ತರಗತಿಯವರೆಗಿನ ಮಕ್ಕಳಿಗೆ ಹತ್ತು ದಿನ ಚೀಲದ ಹೊರೆಯಿಲ್ಲದೆ ಕಸುಬಿನ ಪರಿಚಯವಾಗಲಿ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿದೆ. ಕೈಕೆಲಸದ ಮೂಲಕ ಕಲಿಕೆಯೆಂಬುದನ್ನು 1937ರಲ್ಲಿಯೇ ವಾರ್ಧಾದಲ್ಲಿ ಗಾಂಧೀಜಿಯವರು ಮುಂದಿಟ್ಟಿದ್ದರು. ತರಬೇತಿಯ ದಿನಗಳಲ್ಲಿ ನಾವು ಅದನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದುಂಟು. ಕೈಗೆ ಮಾತ್ರ ಏನೂ ಹತ್ತಿರಲಿಲ್ಲ.

ಗೂಡ್ಸ್ ಗಾಡಿಯೇ ಏಕೆ? ಮದರಾಸು ರೈಲ್ವೆಯ ಹಳಿ 1871ರಲ್ಲಿ ರಾಯಚೂರಿನಲ್ಲಿ ಮುಂಬಯಿಯ ಕಡೆಯ ಹಳಿಯನ್ನು ಕೂಡಿಕೊಂಡಿತು. ನಮ್ಮ ಆದೋನಿ ಆ ಹಾದಿಯಲ್ಲಿದೆ. 1953ರಲ್ಲಿ ಆದೋನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯನ್ನು ಬಿಟ್ಟು ಆಂಧ್ರಕ್ಕೆ ಸೇರಿದವು. ಹಳಿ ಮಾತ್ರ ಇದ್ದಲ್ಲಿಯೇ ಇದ್ದಿತು. ಹತ್ತಿ, ಶೇಂಗಾಗಳ ಈ ಸೀಮೆಯ ಮಕ್ಕಳು ಗೂಡ್ಸ್ ಗಾಡಿಯ ಡಬ್ಬಿಗಳನ್ನು ಎಣಿಸುತ್ತಲೇ ಬೆಳೆಯುತ್ತಾರೆ.

ಅಳತೆಯನ್ನು ಐವತ್ತಕ್ಕೆ ಒಂದು ಎಂದು ಇಟ್ಟುಕೊಂಡೆವು. ನಿಜದ ಒಂದು ಮೀಟರು ನಮ್ಮಲ್ಲಿ 2 ಸೆಂಟಿಮೀಟರು. ಬ್ರಾಡ್‌ಗೇಜ್ ಹಳಿಗಳ ನಡುವಣ ಅಂತರ 1676 ಮಿಲಿಮೀಟರು. ಐವತ್ತರಿಂದ ಭಾಗಿಸಿದರೆ ಮೂರೂವರೆ ಸೆಂಟಿಮೀಟರಿಗೆ ಸ್ವಲ್ಪ ಕಡಮೆ. ಹದಿನಾಲ್ಕೂವರೆ ಮೀಟರಿನ ಮುಚ್ಚು ಡಬ್ಬಿ 29 ಸೆಂಟಿಮೀಟರಾಯಿತು. ಒಂದು ಮೀಟರು ಅಡ್ಡಳತೆಯ ಗಾಲಿ ಎರಡು ಸೆಂಟಿಮೀಟರಿಗೆ ಇಳಿಯಿತು. ಅನುಪಾತದ ಲೆಕ್ಕವನ್ನು ಕರಿಹಲಗೆಯ ಮೇಲೆ ಕಂಡರೆ ಮುಖ ತಿರುಗಿಸುತ್ತಿದ್ದ ಮಕ್ಕಳು, ಹಲಗೆ ಹಾಳಾದೀತೆಂಬ ಭಯದಿಂದ ಅದೇ ಲೆಕ್ಕವನ್ನು ಎರಡೆರಡು ಸಲ ಮಾಡಿದರು. ಅಂಗಡಿಯಲ್ಲಿ ದೊರೆಯುವ ವಿದೇಶದ ಮಾದರಿ ಗಾಡಿ ನಮಗೆ ಒದಗುವುದಿಲ್ಲ. ಅದರ ಹಳಿ ಸಾಮಾನ್ಯವಾಗಿ 16.5 ಮಿಲಿಮೀಟರು, ಅನ್ಯದೇಶಗಳ 1435 ಮಿಲಿಮೀಟರಿನ ಹಳಿಯನ್ನು ಎಂಬತ್ತೇಳರಿಂದ ಭಾಗಿಸಿ ಮಾಡಿದ್ದು. ಅದೇ ಲೆಕ್ಕಕ್ಕೆ ನಮ್ಮ ಹಳಿ 19 ಮಿಲಿಮೀಟರನ್ನು ದಾಟುತ್ತದೆ.

ಗಾಲಿಗಳದೇ ಒಂದು ಕಥೆ. ಊರಿನ ಬಡಗಿ ಕಡೆದುಕೊಟ್ಟ ಗಾಲಿಗಳನ್ನು ಮಕ್ಕಳು ಎತ್ತಿನ ಬಂಡಿಯಂತೆ ಅಚ್ಚಿನ ಮೇಲೆ ಸಡಿಲವಾಗಿ ತೊಡಿಸಿದ್ದರು. ಬಂಡಿಯಲ್ಲಿ ಅಚ್ಚು ನಿಂತಿರುತ್ತದೆ, ಗಾಲಿ ತಿರುಗುತ್ತದೆ. ರೈಲಿನಲ್ಲಿ ಎರಡು ಗಾಲಿಗಳೂ ಅಚ್ಚಿಗೆ ಬಿಗಿದುಕೊಂಡು ಅಚ್ಚಿನೊಡನೆಯೇ ತಿರುಗುತ್ತವೆ. ಗಾಲಿಯ ಮೈ ಒಳಗಡೆ ತುಸು ದಪ್ಪ, ಹೊರಗಡೆ ತುಸು ಸಪುರ. ಈ ಓರೆಯಿಂದಲೇ ಗಾಡಿ ಹಳಿಯ ನಡುವೆ ತನ್ನನ್ನು ತಾನು ನೆಟ್ಟಗೆ ಮಾಡಿಕೊಳ್ಳುತ್ತದೆ. ಇನ್ನು 'ಬೋಗಿ' ಎಂಬ ಮಾತು. ನಾವೆಲ್ಲ ಡಬ್ಬಿಯನ್ನೇ ಬೋಗಿಯೆನ್ನುತ್ತೇವೆ. ರೈಲ್ವೆಯವರಿಗೆ ಬೋಗಿಯೆಂದರೆ ಡಬ್ಬಿಯ ಅಡಿಯಲ್ಲಿ ಗಾಲಿಗಳನ್ನು ಹಿಡಿದಿರುವ ಚೌಕಟ್ಟು. ನಾವೂ ಇದನ್ನು ತಡವಾಗಿಯೇ ಕಲಿತೆವು.

ಮಕ್ಕಳಿಗೆ ಮಾದರಿಯಾಗಲೆಂದು ಮೊದಲನೆಯ ಡಬ್ಬಿಯನ್ನು ನಾವೇ ಕಟ್ಟಿದೆವು. ಅದರ ಎರಡು ತುದಿಗಳಿಗೂ ಬಾಲ್ಯದಲ್ಲಿ ಕಂಡಿದ್ದಂತೆ ಅಣಬೆಯಾಕಾರದ ಎರಡೆರಡು ಬಫರುಗಳನ್ನು ಅಂಟಿಸಿ, ಸಾಕಷ್ಟು ಹೆಮ್ಮೆಯಿಂದ ಮೇಜಿನ ಮೇಲಿಟ್ಟೆವು. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತ. ವರ್ಷದಲ್ಲಿ ನಾಲ್ಕು ತಿಂಗಳು ಹಾಜರಿ ಇಲ್ಲದವನು.

"ಸಾರ್, ಈಗಿನ ಗೂಡ್ಸಿಗೆ ಇವು ಇರಂಗಿಲ್ರೀ. ನಡುವ ಒಂದೇ ಕೊಂಡಿ ಇರ್ತೈತ್ರಿ, ಕೈಯಾಗ ಕೈ ಹಿಡಿದಂಗ."

"ನಿನಗೆ ಹೇಗೆ ಗೊತ್ತಪ್ಪಾ?"

"ಗುಂತಕಲ್ಲಿನಾಗ ರಾತ್ರಿಯೆಲ್ಲಾ ಕುಂತಿರ್ತೀವಲ್ರೀ, ಗುಂಟೂರು ಗಾಡಿಗೆ."

ಅವನು ಹೇಳಿದ್ದೇ ಸರಿ. ತಿರುಪಿನ ಕೊಂಡಿ, ಪಕ್ಕದ ಬಫರು ಹಳೆಯ ನಾಲ್ಕು ಗಾಲಿಯ ಡಬ್ಬಿಗಳ ಕಾಲಕ್ಕೆ ಸೇರಿದವು. ಭಾರ ಹೆಚ್ಚಿದ ಎಂಟು ಗಾಲಿಯ ಡಬ್ಬಿಗಳಲ್ಲಿ ಎಳೆತವನ್ನೂ ನೂಕನ್ನೂ ನಡುವಿನ ಒಂದೇ ಕೊಂಡಿ ತಾಳಿಕೊಳ್ಳುತ್ತದೆ. ನಾವು ನೆನಪಿನಿಂದ ಕಟ್ಟಿದ್ದೆವು, ಹುಡುಗ ಕಣ್ಣಿನಿಂದ ಕಂಡಿದ್ದ. ತರಗತಿಯ ಎದುರಿಗೇ ಬಫರುಗಳನ್ನು ಕಿತ್ತೆವು. ಅಂಟು ಗಟ್ಟಿಯಾಗಿದ್ದುದರಿಂದ ಹಲಗೆಯೂ ಒಂದಿಷ್ಟು ಸೀಳಿತು.

ಅಂದಿನಿಂದ ಆ ಹುಡುಗನೇ ಮೇಸ್ತ್ರಿ. ಡಬ್ಬಿಯ ಮೇಲೆ ಹನ್ನೊಂದು ಅಂಕಿಗಳ ಸಂಖ್ಯೆಯಿರುತ್ತದೆಂದು ನೆನಪಿಸಿದವನೂ ಅವನೇ. ಅದರ ಅರ್ಥವನ್ನು ಮಾತ್ರ ನಾವು ಹೇಳಿದೆವು: ಮೊದಲೆರಡು ಅಂಕಿ ಡಬ್ಬಿಯ ಬಗೆ, ಮುಂದಿನೆರಡು ಒಡೆತನದ ರೈಲ್ವೆ, ಮತ್ತೆರಡು ತಯಾರಾದ ವರ್ಷ, ಆಮೇಲಿನ ನಾಲ್ಕು ಡಬ್ಬಿಯ ಸ್ವಂತ ಸಂಖ್ಯೆ. ಹನ್ನೊಂದನೆಯದು ತಾಳೆ ನೋಡುವ ಅಂಕಿ. ಅವನು ತನ್ನ ಡಬ್ಬಿಗೆ 3109061235 ಎಂದು ಬರೆದುಕೊಂಡ. ಸಮಸ್ಥಾನದ ಅಂಕಿಗಳನ್ನು ಕೂಡಿದರೆ 23, ಅದರ ಮೂರರಷ್ಟು 69. ಬೆಸಸ್ಥಾನದ ಅಂಕಿಗಳ ಮೊತ್ತ 7. ಎರಡೂ ಸೇರಿ 76. ಮುಂದಿನ ಹತ್ತರ ಗುಣಕವಾದ 80ಕ್ಕೆ ಎಷ್ಟು ಕಡಮೆಯೋ ಅದೇ ಕೊನೆಯ ಅಂಕಿ. ಬರೆಯುವಾಗ ಒಂದು ಅಂಕಿ ತಪ್ಪಿದರೂ ಈ ಲೆಕ್ಕ ಅದನ್ನು ಹಿಡಿದುಕೊಡುತ್ತದೆ.

ಈ ಲೆಕ್ಕ ಹೇಳಿಕೊಟ್ಟ ಮರುದಿನ ಅವನು ಬರಲಿಲ್ಲ. ಸಂಜೆ ತಾಯಿಯೊಡನೆ ಬಂದ. ದೀಪಾವಳಿ ಕಳೆದಿತ್ತು, ಈ ಭಾಗದ ಎಷ್ಟೋ ಸಂಸಾರಗಳಂತೆ ಅವರೂ ಹತ್ತಿ ಬಿಡಿಸಲು, ಆಮೇಲೆ ಮೆಣಸಿನಕಾಯಿ ಹರಿಯಲು ಗುಂಟೂರಿನ ಕಡೆಗೆ ಹೊರಟಿದ್ದರು. ಹುಡುಗನನ್ನಾದರೂ ಇಲ್ಲಿಯೇ ಬಿಡಿರೆಂದು ಕೇಳಿದೆವು. "ಸಣ್ಣಾಕಿನ್ನ ಯಾರು ನೋಡ್ತಾರ್ರೀ ಸಾರ್?" ಎಂದಳು ಆ ತಾಯಿ. ಆಕೆಯ ಕಂಕುಳಲ್ಲಿ ವರ್ಷದ ಮಗುವಿದ್ದಿತು. ನಮ್ಮಲ್ಲಿ ಉತ್ತರವಿರಲಿಲ್ಲ.

ಹುಡುಗ ತನ್ನ ಡಬ್ಬಿಯನ್ನು ಜೊತೆಗೆ ಒಯ್ಯಬಹುದೇ ಎಂದು ಕೇಳಿದ. ಅದು ಶಾಲೆಯ ಸೊತ್ತು, ದಾರಿಯಲ್ಲಿ ಮುರಿದೀತು ಎಂದುಬಿಟ್ಟೆವು. ಅವನು ಮರುಮಾತನಾಡಲಿಲ್ಲ. ಮುರಿದಿದ್ದರೆ ಏನು ಹೋಗುತ್ತಿತ್ತು? ಹಣ್ಣಿನ ಪೆಟ್ಟಿಗೆಯ ಹಲಗೆ, ಎಂಟು ಗಾಲಿ. ಮೂವತ್ತು ವರ್ಷ ಪಾಠ ಹೇಳಿದವರ ಬಾಯಿಂದ ಆ ಮಾತು ಬರಬಾರದಿತ್ತು.

ಡಬ್ಬಿ ಈಗ ನಮ್ಮ ಕೋಣೆಯ ಕಪಾಟಿನಲ್ಲಿದೆ. ಮಾಡು ಹೊದಿಸಿಲ್ಲ, ಹತ್ತೇ ಅಂಕಿಗಳಿವೆ. ಹನ್ನೊಂದನೆಯದು ನಾಲ್ಕು ಎಂದು ತರಗತಿಯ ಎಲ್ಲರಿಗೂ ಗೊತ್ತು. ಯಾರೂ ಬರೆಯಕೂಡದೆಂದು ಹೇಳಿದ್ದೇವೆ. ಯುಗಾದಿಗೆ ಬರುವೆವೆಂದು ಅವನ ತಾಯಿ ಹೇಳಿ ಹೋಗಿದ್ದಾಳೆ.